ನರ್ತಕಿಯ ಕುಲವನ್ನು ಕೇಳುವವರಿಗೆ

ನಮ್ಮ ಆರ್‌ಪಿಸಿ ಲೇಔಟಿನಂತಹ ಬಡಾವಣೆಗಳಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಲಂಬಾಣಿ ನೃತ್ಯವನ್ನು ಏರ್ಪಡಿಸುವುದುಂಟು. ಕನ್ನಡಿಬಿಲ್ಲೆಗಳ ಲಂಗವನ್ನು ತೊಟ್ಟ ಮಗಳನ್ನು ಕಂಡು ತಾಯಿತಂದೆಗಳು ಹಿಗ್ಗುತ್ತಾರೆ. ಆದರೆ ಅದೇ ಮೇಳದಲ್ಲಿ ನಿಜವಾಗಿಯೂ ತಾಂಡಾದಿಂದ ಬಂದ ಬಾಲಿಕೆಯೊಬ್ಬಳಿದ್ದರೆ, ಅವಳು ಎಂತಹ ಮನೆಯವಳೆಂಬ ಪಿಸುಮಾತು ಏಳುತ್ತದೆ. ಉಡುಪು ಬೇಕು, ಅದನ್ನು ಹೊಲಿದವರ ಮಗಳು ಬೇಡವೆಂಬ ಈ ನ್ಯಾಯವನ್ನು ನಾನು ಒಪ್ಪಲಾರೆನು.

ಶ್ರೀಮತಿ ಕೆ. ವೆಂಕಟಲಕ್ಷಮ್ಮನವರ ಚರಿತ್ರೆಯನ್ನು ನೆನೆಯಿರಿ. ಈಕೆ 1906ರಲ್ಲಿ ಕಡೂರಿನ ಕಡೆಯ ತಾಂಡಾವೊಂದರಲ್ಲಿ, ಲಂಬಾಣಿ ಕುಟುಂಬದಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿಯೇ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಶಿಷ್ಯೆಯಾದರು. ಗುರುವು ಜಟ್ಟಿಯೊಬ್ಬರ ಪುತ್ರಿ, ಶಿಷ್ಯೆಯು ತಾಂಡಾದ ಕೂಸು. ಇವರಿಬ್ಬರ ಮನೆತನವನ್ನು ಅಳೆದು ಬಾಗಿಲು ಮುಚ್ಚಿದ್ದರೆ ಮೈಸೂರು ಶೈಲಿಯ ಭರತನಾಟ್ಯಕ್ಕೆ ಎಷ್ಟು ನಷ್ಟವಾಗುತ್ತಿತ್ತು! ವೆಂಕಟಲಕ್ಷಮ್ಮನವರು 1939ರಲ್ಲಿ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗವು ಆರಂಭವಾದಾಗ ಅಲ್ಲಿ ಅಧ್ಯಾಪಕಿಯಾದರು. 1992ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು.

ಲಂಬಾಣಿ ಸ್ತ್ರೀಯರು ವರ್ತುಲವಾಗಿ ನಿಂತು ಕುಣಿಯುವವರು. ವರ್ತುಲದಲ್ಲಿ ಮೊದಲ ಸಾಲೆಂಬುದಿಲ್ಲ, ಕಡೆಯ ಸಾಲೆಂಬುದೂ ಇಲ್ಲ. ಆದುದರಿಂದ ತಾಂಡಾದ ಬಾಲಿಕೆಯು ತನ್ನ ಹುಟ್ಟನ್ನು ಮರೆಮಾಡಿ ಮೇಳದಲ್ಲಿ ನಿಲ್ಲುವಂತಾಗಬಾರದು. ಹೆಜ್ಜೆಗಳನ್ನು ಅವಳ ತಾಯಿಯನ್ನೇ ಕರೆಸಿ ಕಲಿಸಬೇಕು. ಆ ತಾಯಿಗೆ ಅತಿಥಿಗಳ ನಡುವೆ ಆಸನವನ್ನು ಕೊಡಬೇಕು. ವರಗಳನ್ನು ಹಂಚುವ ದೇವರು ಮನೆತನವನ್ನು ವಿಚಾರಿಸಿ ಹಂಚುವವನಲ್ಲ. ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ಮುಂದಿನ ಉತ್ಸವದಲ್ಲಿ ಕುಲವನ್ನು ಕೇಳುವುದಾದರೆ, ಗೌರವಿಸುವುದಕ್ಕಾಗಿಯೇ ಕೇಳಿರಿ.