ತಾರೀಖಿಗೆ ತಾರೀಖು ಕೂಡುವುದುಂಟೆ?

1998ರ ಡಿಸೆಂಬರ್ 11ರಂದು ಅಮೆರಿಕದ ‘ನಾಸಾ’ ಸಂಸ್ಥೆಯು ಮಂಗಳಗ್ರಹದತ್ತ ಒಂದು ನೌಕೆಯನ್ನು ಹಾರಿಸಿತು. ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಪಯಣಿಸಿದ ನೌಕೆಯು 1999ರ ಸೆಪ್ಟೆಂಬರ್ 23ರಂದು ಗ್ರಹದ ಮರೆಗೆ ಸರಿಯಿತು. ಮತ್ತೆ ಅದರ ದನಿ ಕೇಳಿಬರಲಿಲ್ಲ. ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಾಗಿದ್ದುದು ಸುಮಾರು 57 ಕಿಲೋಮೀಟರಿಗೆ ಇಳಿದು ಮಂಗಳನ ವಾಯುಮಂಡಲಕ್ಕೆ ಆಹುತಿಯಾಗಿತ್ತು.

ಯಂತ್ರ ಕೆಟ್ಟಿರಲಿಲ್ಲ. ಭೂಮಿಯ ಮೇಲಿನ ಒಂದು ಕಂಪ್ಯೂಟರ್ ಪ್ರೋಗ್ರಾಮು ನೌಕೆಗೆ ಕೊಟ್ಟ ನೂಕನ್ನು ಪೌಂಡಿನ ಮಾನದಲ್ಲಿ ಬರೆದಿಟ್ಟಿತ್ತು. ಇನ್ನೊಂದು ಅದನ್ನು ನ್ಯೂಟನ್ ಮಾನವೆಂದೇ ಓದಿಕೊಂಡಿತು. ಎರಡಕ್ಕೂ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಅಂಕಿ ತಪ್ಪಿರಲಿಲ್ಲ, ಆ ಅಂಕಿ ಯಾವುದರದೆಂಬುದು ಮರೆತುಹೋಗಿತ್ತು.

ಇದರ ಮರ್ಮವನ್ನರಿಯಲು ಗೋಡೆಯ ಮೇಲಿನ ಕ್ಯಾಲೆಂಡರೇ ಸಾಕು. ಮಗಳ ಮದುವೆಯ ತಾರೀಖಿನಿಂದ ಇಂದಿನ ತಾರೀಖನ್ನು ಕಳೆದರೆ ಉಳಿದ ದಿನಗಳ ಎಣಿಕೆ ದೊರೆಯುತ್ತದೆ. ಇಂದಿನ ತಾರೀಖಿಗೆ ಹತ್ತು ದಿನ ಕೂಡಿದರೆ ಮತ್ತೊಂದು ತಾರೀಖು. ಆದರೆ ತಾರೀಖಿಗೆ ತಾರೀಖನ್ನು ಕೂಡಿದರೆ ಬರುವುದೇನು? ಅದಕ್ಕೆ ಅರ್ಥವೇ ಇಲ್ಲ. ಅಂತೆಯೇ ಮೈಸೂರಿಗೂ ಮಂಡ್ಯಕ್ಕೂ ನಡುವೆ ದೂರವುಂಟು; ಮೈಸೂರಿಗೆ ಮಂಡ್ಯವನ್ನು ಕೂಡಿದ ಮೊತ್ತವೆಂಬುದಿಲ್ಲ. ರೇಖಾಗಣಿತದಲ್ಲಿ ನೆಲೆಯನ್ನು ಬಿಂದುವೆಂದೂ, ನೆಲೆಯಿಂದ ನೆಲೆಗೆ ಒಯ್ಯುವ ನಡೆಯನ್ನು ಸದಿಶವೆಂದೂ ಕರೆಯುತ್ತಾರೆ. ಎರಡನ್ನೂ ಅಂಕಿಗಳಲ್ಲೇ ಬರೆಯುವುದರಿಂದ ಯಂತ್ರಕ್ಕೆ ಅವುಗಳ ಭೇದ ತಾನಾಗಿ ತಿಳಿಯದು, ಹೇಳಿಕೊಡಬೇಕು.

ಹೇಳಿಕೊಡುವ ಬಗೆಯೇನು? 1989ರಲ್ಲಿ ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ ಎಂಬವರು ಇದಕ್ಕೊಂದು ಸೊಗಸಾದ ಮಾರ್ಗವನ್ನು ತೋರಿದರು. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮು ಭಾಷೆ ಅದನ್ನು ಅಳವಡಿಸಿಕೊಂಡಿತು. 2015ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಭಾಷೆಯಲ್ಲಿ ಇಂಥ ಏರ್ಪಾಡಿಗೆ ‘ಟ್ರೇಟ್’, ಅಂದರೆ ಲಕ್ಷಣ, ಎಂದು ಹೆಸರು. ಲಕ್ಷಣವೆಂಬುದು ಒಂದು ಕರಾರು ಪತ್ರ. “ನನ್ನಂಥವೆರಡನ್ನು ಕೂಡಬಹುದು; ಕೂಡಿದರೂ ಏನನ್ನೂ ಬದಲಿಸದ ಸೊನ್ನೆಯೊಂದು ನನ್ನಲ್ಲುಂಟು” ಎಂದು ಸದಿಶವು ರುಜು ಹಾಕುತ್ತದೆ. ಬಿಂದುವು ಹಾಕುವುದಿಲ್ಲ. ಬಿಂದುವಿಗೆ ಬಿಂದುವನ್ನು ಕೂಡಹೊರಟರೆ, ಪ್ರೋಗ್ರಾಮು ಓಡುವ ಮೊದಲೇ ಭಾಷಾಂತರಕ ಯಂತ್ರವು ತಡೆಯುತ್ತದೆ. ಪೌಂಡನ್ನೂ ನ್ಯೂಟನ್ನನ್ನೂ ಹೀಗೆಯೇ ಬೇರೆ ಬೇರೆ ಬಗೆಗಳೆಂದು ಸಾರಿದರೆ ಅವುಗಳ ಬೆರಕೆಯನ್ನೂ ತಡೆಯಬಹುದು.

ಕರಾರಿನಿಂದ ಇನ್ನೊಂದು ಲಾಭವುಂಟು: ಒಮ್ಮೆ ಬರೆದ ವಿಧಾನ ಹಲವಕ್ಕೆ ಸಲ್ಲುತ್ತದೆ. ಒಂದು ಸಂಖ್ಯೆಯನ್ನು 1000 ಬಾರಿ ಗುಣಿಸಬೇಕಾದರೆ 999 ಗುಣಾಕಾರಗಳು ಬೇಕಿಲ್ಲ. ವರ್ಗದ ಮೇಲೆ ವರ್ಗ ಮಾಡುತ್ತ, ಬೇಕಾದವನ್ನು ಆರಿಸಿ ಗುಣಿಸಿದರೆ 14 ಸಾಕು. ಎರಡರ ಘಾತಗಳಿಗೆ ಇಂಥ ಉಪಾಯವನ್ನು ಪಿಂಗಲನ ಛಂದಶ್ಶಾಸ್ತ್ರವೇ ಬಲ್ಲದು. ಈ ಉಪಾಯವು ಕೇಳುವುದು ಒಂದೇ ಲಕ್ಷಣವನ್ನು: ಗುಂಪು ಕಟ್ಟುವ ಬಗೆ ಬದಲಾದರೂ ಫಲ ಬದಲಾಗಬಾರದು. ಆದುದರಿಂದ ಸಂಖ್ಯೆಗೂ ಅದೇ ವಿಧಾನ, ಚಿತ್ರವನ್ನು ತಿರುಗಿಸುವ ಕ್ರಿಯೆಗೂ ಅದೇ.

ಅನವಶ್ಯಕ ಲಕ್ಷಣಗಳನ್ನು ಬೇಡದಿರುವುದೂ ಜಾಣ್ಮೆಯೇ. 1843ರ ಅಕ್ಟೋಬರ್ 16ರಂದು ಡಬ್ಲಿನ್ ನಗರದ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದ ಹ್ಯಾಮಿಲ್ಟನ್ನನಿಗೆ ‘ಕ್ವಾಟರ್ನಿಯನ್’ ಎಂಬ ಹೊಸ ಸಂಖ್ಯೆಗಳು ಹೊಳೆದುವು. ಅವುಗಳಲ್ಲಿ ಗುಣಾಕಾರದ ಹಿಂದುಮುಂದು ಬದಲಾದರೆ ಉತ್ತರವೂ ಬದಲಾದೀತು. ನಂಬದವರು ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟು, ಮೊದಲು ಮುಂದಕ್ಕೆ ಕಾಲು ಸುತ್ತು ಉರುಳಿಸಿ, ಅನಂತರ ಎಡಕ್ಕೆ ಕಾಲು ಸುತ್ತು ತಿರುಗಿಸಲಿ. ಮತ್ತೆ ಅದನ್ನೇ ಹಿಂದುಮುಂದಾಗಿ ಮಾಡಲಿ. ಪುಸ್ತಕವು ಬೇರೊಂದು ಭಂಗಿಯಲ್ಲಿ ನಿಲ್ಲುತ್ತದೆ. ಮೂರು ಆಯಾಮಗಳಲ್ಲಿ ವಸ್ತುಗಳನ್ನು ತಿರುಗಿಸಲು ಇಂದಿಗೂ ಈ ಸಂಖ್ಯೆಗಳೇ ಬಳಕೆಯಲ್ಲಿವೆ.

ಆದರೂ ಕರಾರು ಪತ್ರಕ್ಕೆ ಒಂದು ಮಿತಿಯುಂಟು. ಕೂಡುವ ವಿಧಾನವನ್ನು ಬರೆದಿದ್ದಾರೆಯೆ ಎಂಬುದನ್ನು ರಸ್ಟ್‌ನಂಥ ಭಾಷೆಯ ಯಂತ್ರ ನೋಡಬಲ್ಲುದು. ಅದು ನಿಯಮದಂತೆ ನಡೆಯುವುದೆ ಎಂಬುದನ್ನು ತಾನಾಗಿ ನೋಡಲಾರದು. ಕಂಪ್ಯೂಟರಿನ ದಶಮಾಂಶಗಳಲ್ಲಿ 0.1, 0.2, 0.3 ಈ ಮೂರನ್ನು ಬೇರೆ ಬೇರೆ ರೀತಿ ಗುಂಪು ಕಟ್ಟಿ ಕೂಡಿದರೆ, ಒಮ್ಮೆ 0.6 ಬಂದರೆ ಇನ್ನೊಮ್ಮೆ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ! ಯಂತ್ರ ಆಕ್ಷೇಪಿಸುವುದಿಲ್ಲ. ರುಜುವನ್ನು ಪರೀಕ್ಷಿಸುವುದು ಯಂತ್ರದ ಕೆಲಸ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಬರೆದವರ ಹೊಣೆ.