ಹಾಡಿಗೊಂದು ಕೆಲಸ ಬೇಕು

ಪುಣೆ ಜಿಲ್ಲೆಯ ಕುರಕುಂಭದ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾಂಪೌಂಡುಗಳು ಮುಗಿಯುವ ಕಡೆ ಜೋಳದ ಹೊಲಗಳಿವೆ. ತೆನೆ ಹಾಲುಗಾಳಾದ ದಿನಗಳಲ್ಲಿ ಒಮ್ಮೆ ರಜೆ ಸಿಕ್ಕಿ ಅತ್ತ ಅಡ್ಡಾಡಲು ಹೋಗಿದ್ದೆ. ಒಂದು ಹೊಲದ ಸುತ್ತ ಕೋಲು ನೆಟ್ಟು, ಕೋಲಿನಿಂದ ಕೋಲಿಗೆ ಕಂದು ಬಣ್ಣದ ಪಟ್ಟಿ ಎಳೆದಿದ್ದರು. ಗಾಳಿ ಬೀಸಿದರೆ ಗುಂಯ್ ಅನ್ನುತ್ತಿತ್ತು, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಗುಬ್ಬಿಗಳು ದೂರದ ಬೇಲಿಯ ಮೇಲೆ ಕೂತು ಯೋಚನೆ ಮಾಡುತ್ತಿದ್ದವು. ಕೈಯಲ್ಲಿ ಹಿಡಿದು ನೋಡಿದೆ. ಕ್ಯಾಸೆಟ್ಟಿನ ರೀಲು. ಯಾರ ಹಾಡಿನದು ಎಂದು ಹೊಲದ ಅಜ್ಜಿಯನ್ನು ಮರಾಠಿಯಲ್ಲಿ ಕೇಳಿದೆ. ಮಗ ಅಟ್ಟದಿಂದ ಇಳಿಸಿದ ಡಬ್ಬಿಯಲ್ಲಿತ್ತು, ಯಾರದೋ ಯಾರಿಗೆ ಗೊತ್ತು ಎಂದು ನಕ್ಕಳು.

ಒಂದು ಕಾಲಕ್ಕೆ ದುಡ್ಡು ಕೊಟ್ಟು ತಂದ ಆಲ್ಬಂ ಅದು. ಯಾರೋ ಪ್ರೀತಿಯಿಂದ ಕೇಳಿದ್ದಾರೆ. ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿದ್ದಾರೆ. ಈಗ ಹಕ್ಕಿ ಬೆದರಿಸುತ್ತಿದೆ.

ಆ ರಾತ್ರಿ ನಮ್ಮ ರೂಮಿನಲ್ಲಿ ಇದೇ ಮಾತು ಬಂತು. ಆಳಂದ, ಇಂಡಿ, ಅಕ್ಕಲಕೋಟೆ ಕಡೆಯಿಂದ ಬಂದು ಪಾಳಿಯ ಮೇಲೆ ದುಡಿಯುವ ಐದು ಜನ ನಾವು. ನಮ್ಮಲ್ಲಿ ಒಬ್ಬ ಹುಡುಗ ಟೆಂಪೊ ಓಡಿಸುತ್ತಾನೆ. ಅವನ ಫೋನಿನಲ್ಲಿ ಯಾವಾಗಲೂ ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡು. ಬಾಯ್ಲರಿನ ಮೇಲೆ ಕೆಲಸ ಮಾಡುವ ಹಿರಿಯರೊಬ್ಬರು ಗಾಯಕ ಸಿ. ಅಶ್ವತ್ಥ್ ಕಾಲದವರು. ಅವತ್ತು ಅವರು ತಡೆಯಲಾರದೆ ಅಂದೇಬಿಟ್ಟರು:

‘ಇವೆಲ್ಲಾ ಎರಡು ತಿಂಗಳಿನ ಹಾಡು ತಮ್ಮಾ. ನಮ್ಮ ಕ್ಯಾಸೆಟ್ ನೋಡು, ಇನ್ನೂ ಐತಿ.’

‘ಎಲ್ಲೈತ್ರಿ ಕಾಕಾ, ತೋರಸ್ರಿ?’

ತೋರಿಸಲು ಕಾಕಾನ ಹತ್ತಿರ ಕ್ಯಾಸೆಟ್ಟೂ ಇರಲಿಲ್ಲ, ಟೇಪ್ ರೆಕಾರ್ಡರೂ ಇರಲಿಲ್ಲ. ಎಲ್ಲರೂ ನಕ್ಕೆವು. ನಕ್ಕ ಮೇಲೂ ಪ್ರಶ್ನೆ ಹಾಗೇ ಉಳಿಯಿತು. ಜನಪ್ರಿಯ ಗಾಯಕರ ಆಲ್ಬಂ ಕಾಲಕ್ಕೆ ನಿಲ್ಲುತ್ತದೆಯೇ? ನಿಲ್ಲುವುದೆಂದರೆ ಏನು ನಿಲ್ಲುತ್ತದೆ?

ಒಳ್ಳೆಯದು ಉಳಿಯುತ್ತದೆ, ಜೊಳ್ಳು ಹಾರಿಹೋಗುತ್ತದೆ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಉತ್ತರ. ಕೇಳಲು ಹಿತವಾಗಿದೆ, ನಂಬಲು ಕಷ್ಟ. 1980-90ರ ದಶಕದ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯನ್ನು ನೆನಪು ಮಾಡಿಕೊಳ್ಳಿ. ಗೋಡೆ ತುಂಬ ದೇವರ ಹಾಡು, ಸೋಬಾನೆ, ನಾಟಕದ ಆಡಿಯೊ, ಹಾಸ್ಯ, ಲಾವಣಿ, ಭಾವಗೀತೆ. ಅದರಲ್ಲಿ ಇಂದು ನಾವು ಹೆಸರು ಹಿಡಿದು ಹೇಳುವುದು ಒಂದು ಬೊಗಸೆಯಷ್ಟು. ಆ ಬೊಗಸೆಯನ್ನು ಮುಂದಿಟ್ಟುಕೊಂಡು ಆಗಿನ ಹಾಡೇ ಚೆಂದ, ಈಗಿನದೆಲ್ಲ ಕಸ ಎಂದು ತೀರ್ಪು ಕೊಡುತ್ತೇವೆ. ಅಂದಿನ ಕಸವನ್ನು ನಾವು ಮರೆತಿದ್ದೇವೆ. ಇಂದಿನ ಕಸ ಕಣ್ಣೆದುರಿಗಿದೆ. ತೂರಿದ ರಾಶಿಯನ್ನೂ ತೂರದ ರಾಶಿಯನ್ನೂ ಒಂದೇ ಕೊಳಗದಲ್ಲಿ ಅಳೆದಂತಾಯಿತು. ಕಾಕಾನ ವಾದ ಅಲ್ಲಿಗೆ ಬಿದ್ದುಹೋಗುತ್ತದೆ. ಅಷ್ಟಕ್ಕೆ ಹುಡುಗ ಗೆದ್ದ ಅನ್ನುವಂತೆಯೂ ಇಲ್ಲ.

ಆಲ್ಬಂ ಅನ್ನುವುದು ಒಂದೇ ವಸ್ತುವಲ್ಲ. ಅದರಲ್ಲಿ ಮೂರು ಸಂಗತಿ ಸೇರಿವೆ. ಒಂದು ಹಾಡು, ಅಂದರೆ ಮಾತು ಮತ್ತು ಧಾಟಿ. ಎರಡನೆಯದು ದನಿ, ಇಂಥವರೇ ಹಾಡಿದ್ದು ಅನ್ನುವ ಗುರುತು. ಮೂರನೆಯದು ಜೋಡಣೆ: ಯಾವುದರ ಮುಂದೆ ಯಾವುದು, ಎ ಬದಿಯಲ್ಲಿ ಏನು, ತಿರುಗಿಸಿ ಹಾಕಿದರೆ ಬಿ ಬದಿಯಲ್ಲಿ ಏನು. ಈ ಮೂರಕ್ಕೂ ಆಯುಷ್ಯ ಬೇರೆ ಬೇರೆ.

ಮೊದಲು ಸಾಯುವುದು ಜೋಡಣೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದೇ ಅದಕ್ಕೆ ಹೆಸರು. ಅದರ ಹೆಸರಿನ ಹಾಡು ಇಂದಿಗೂ ನವೆಂಬರ್ ಒಂದರಂದು ಶಾಲೆಯ ಅಂಗಳದಲ್ಲಿ ಕೇಳುತ್ತದೆ. ಪುಣೆ, ಸೊಲ್ಲಾಪುರದ ಕನ್ನಡ ಸಂಘಗಳ ವೇದಿಕೆಗೂ ಅದು ಹೊಸದಲ್ಲ. ಅದೇ ಕ್ಯಾಸೆಟ್ಟಿನ ಉಳಿದ ಹಾಡುಗಳನ್ನು ಸಾಲಾಗಿ ಹೇಳಿ ಅಂದರೆ ಹಾಡುವವರೇ ತಡವರಿಸುತ್ತಾರೆ. ಆ ಒಂದು ಹಾಡು ನಿಂತದ್ದು ಚೆಂದ ಇದ್ದದ್ದಕ್ಕೆ ಮಾತ್ರವಲ್ಲ. ರಾಜ್ಯೋತ್ಸವಕ್ಕೆ ಮಕ್ಕಳು ಒಟ್ಟಾಗಿ ಹಾಡುವಂಥ ಹಾಡೊಂದು ಬೇಕಾಗಿತ್ತು, ಆ ಜಾಗದಲ್ಲಿ ಅದು ಹೋಗಿ ಕೂತಿತು.

ನನ್ನ ಮಾತು ಇಷ್ಟೇ. ಹಾಡಿಗೊಂದು ಕೆಲಸ ಬೇಕು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದ ನಮ್ಮ ಅವ್ವಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಲಸ ಸಿಕ್ಕ ಹಾಡು ಉಳಿಯುತ್ತದೆ. ಸಿಗದ ಹಾಡು ಎಷ್ಟೇ ಚೆಲುವಾಗಿರಲಿ, ಅಟ್ಟ ಸೇರುತ್ತದೆ.

ಕನ್ನಡದಲ್ಲಿ ಜನಪ್ರಿಯ ತಾರೆ ಎಂದು ಸಿನಿಮಾದ ಹೊರಗೂ ಕರೆಸಿಕೊಳ್ಳಬಲ್ಲವರು ಯಾರು ಎಂದರೆ ನನಗೆ ಮೊದಲು ನೆನಪಾಗುವುದು ಅಶ್ವತ್ಥ್. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿದ ಮನುಷ್ಯ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದಾಗ ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರೆಂದು ಹೋಗಿಬಂದವರು ಇಂದಿಗೂ ಹೇಳುತ್ತಾರೆ. ಕವಿತೆ ಕೇಳಲು ಅಷ್ಟು ಜನ! 1939ರ ಡಿಸೆಂಬರ್ 29ರಂದು ಹುಟ್ಟಿದ ಅವರು 2009ರ ಅದೇ ದಿನ, ಎಪ್ಪತ್ತು ತುಂಬಿದ ದಿನವೇ, ತೀರಿಕೊಂಡರು. ಅವರ ಹೆಸರಿನ ಜೊತೆ ಬಿಡಿಸಲಾಗದಂತೆ ಅಂಟಿಕೊಂಡದ್ದು ಶಿಶುನಾಳ ಶರೀಫರ ಪದಗಳು. ಕ್ಯಾಸೆಟ್ಟಿನಲ್ಲಿ ಬಂದವು, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾದಲ್ಲೂ ಬಂದವು. ಹಳ್ಳಿಯ ಭಜನೆಯ ಪದಗಳು ಆಟೊ, ಕ್ಯಾಂಟೀನು, ಕಾಲೇಜು ಗ್ಯಾದರಿಂಗಿಗೆ ನುಗ್ಗಿದವು.

ಹಾಗಾದರೆ ಅಶ್ವತ್ಥರ ಆಲ್ಬಂ ಪರೀಕ್ಷೆ ಪಾಸಾಯಿತೇ? ಒಂದು ತೊಡಕಿದೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಕ್ಯಾಸೆಟ್ ಬರುವ ಹೊತ್ತಿಗೆ ಹೆಚ್ಚುಕಡಿಮೆ ನೂರು ವರ್ಷ ಆ ಪದಗಳು ಏಕತಾರಿ, ದಮ್ಮಡಿ, ತಾಳದ ಮೇಲೆ ಬಾಯಿಂದ ಬಾಯಿಗೆ ನಡೆದುಕೊಂಡೇ ಬಂದಿದ್ದವು. ಸೋಮವಾರದ ಭಜನೆ, ಅಮಾವಾಸ್ಯೆಯ ಜಾಗರಣೆ, ಹೆಣದ ಮುಂದಿನ ರಾತ್ರಿ, ಎಲ್ಲ ಕಡೆಯೂ ಅವಕ್ಕೆ ಕೆಲಸ ಇತ್ತು. ಅಶ್ವತ್ಥ್ ಆರಿಸಿಕೊಂಡದ್ದು ಆಗಲೇ ಪಾಸಾಗಿದ್ದ ಹಾಡುಗಳನ್ನು. ಅವರ ದೊಡ್ಡತನ ಇರುವುದು ಅವಕ್ಕೆ ಹೊಸ ಕೆಲಸ ಕೊಡಿಸಿದ್ದರಲ್ಲಿ. 2008ರಲ್ಲಿ ರಘು ದೀಕ್ಷಿತ್ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಮೊದಲ ಆಲ್ಬಂ ತಂದಾಗ ಶರೀಫಜ್ಜ ಅಲ್ಲೂ ಇದ್ದರು. ಪದ ಮಾತ್ರ ಅದೇ, ನೌಕರಿ ಮೂರನೆಯದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಗಟ್ಟಿ ಆಕ್ಷೇಪ. ಹಾಗಾದರೆ ನಾಲ್ಕು ಜನ ಹಾಡಬಲ್ಲದ್ದೇ ಉಳಿಯಬೇಕೆ? ಯಾರೂ ಹಾಡಲಾರದ ದನಿಯ ಗತಿ ಏನು? ಉತ್ತರಕ್ಕೆ ದೂರ ಹೋಗಬೇಕಿಲ್ಲ. 1922ರಲ್ಲಿ ಗದಗದಲ್ಲಿ ಹುಟ್ಟಿ ಪುಣೆಯಲ್ಲಿ ಬಾಳಿ, 2011ರ ಜನವರಿಯಲ್ಲಿ ಪುಣೆಯಲ್ಲೇ ಕಣ್ಮುಚ್ಚಿದ ಭೀಮಸೇನ ಜೋಶಿ ಇದ್ದಾರೆ. ಅವರನ್ನು ಪಾಪ್ ತಾರೆ ಅಂದರೆ ಸಂಗೀತಗಾರರು ಹೊಡೆಯಲು ಬಂದಾರು. ಆದರೆ ರಾಗದ ಗಂಧಗಾಳಿ ಇಲ್ಲದವರ ಮನೆಯೊಳಕ್ಕೆ ಅವರನ್ನು ಕರೆತಂದದ್ದು ಖಯಾಲಲ್ಲ, ಮರಾಠಿಯ ಅಭಂಗ ಮತ್ತು ಕನ್ನಡದ ದಾಸರ ಪದಗಳ ಆಲ್ಬಂಗಳು. ಆ ತಾನನ್ನು ನಾವು ಗುನುಗಲೂ ಆರೆವು. ಆದರೂ ಅದು ಹೋಗಿಲ್ಲ. ಯಾಕೆಂದರೆ ಆ ದನಿಗೆ ಪಂಚಾಂಗದಲ್ಲೇ ಕೆಲಸ ಸಿಕ್ಕಿದೆ. ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದ ನಮ್ಮವರ ಮನೆಯಲ್ಲಿ ಶುಕ್ರವಾರ ಸಂಜೆ ದೀಪ ಹಚ್ಚುವಾಗ. ವಿಠ್ಠಲನ ಅಭಂಗ ಇಲ್ಲಿಯವರ ಮನೆಯಲ್ಲಿ ಆಷಾಢ ಏಕಾದಶಿಗೆ. ತುಕಾರಾಮರ ಪಾಲಖಿ ನಾವಿರುವ ಇದೇ ದೌಂಡ ತಾಲೂಕಿನ ವರವಂಡದಲ್ಲಿ ತಂಗುವ ದಿನಗಳಲ್ಲಿ ಹೆದ್ದಾರಿಯ ಚಹಾದ ಗಾಡಿಗಳ ಮೇಲೂ ಅದೇ ಗಂಟಲು. ಒಂದೇ ಓಣಿಯಲ್ಲಿ ಎರಡು ಭಾಷೆಯ ಎರಡು ಮನೆಗಳಿಗೆ ಒಬ್ಬನೇ ಮನುಷ್ಯ ಎರಡು ಹೊತ್ತಿನ ಪಾಳಿ ಮಾಡುತ್ತಿದ್ದಾನೆ.

ದೊಡ್ಡ ಲೋಕದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ 1982ರದು. ಒಂಬತ್ತು ಹಾಡು, ಅದರಲ್ಲಿ ಏಳನ್ನು ಬಿಡಿಬಿಡಿಯಾಗಿಯೂ ಮಾರಿದರು. ಅದಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಂ ಇಲ್ಲ ಅನ್ನುತ್ತಾರೆ. 1996ರಲ್ಲಿ ಅವನು ಮುಂಬೈಗೂ ಬಂದು ಹೋದ. ಕುರಕುಂಭದಲ್ಲಿ ಅವನದು ಏನು ಉಳಿದಿದೆ? ಗಣಪತಿ ಕಳಿಸುವ ಮೆರವಣಿಗೆಯಲ್ಲಿ, ಡಿಜೆಯ ಮುಂದೆ, ಒಬ್ಬ ಹುಡುಗ ಮುಂದೆ ನಡೆದಂತೆ ಮಾಡಿ ಹಿಂದೆ ಜಾರುತ್ತಾನೆ. 1983ರಲ್ಲಿ ಅದೇ ಆಲ್ಬಂನ ಹಾಡೊಂದಕ್ಕೆ ಜಾಕ್ಸನ್ ಮೊದಲು ತೋರಿಸಿದ ಹೆಜ್ಜೆ ಅದು. ಹುಡುಗನಿಗೆ ಹಾಡೂ ಗೊತ್ತಿಲ್ಲ, ಆಲ್ಬಂ ಹೆಸರೂ ಗೊತ್ತಿಲ್ಲ. ನುಡಿಸುತ್ತಿರುವುದು ಮರಾಠಿ ಗಾಯಕ ಆನಂದ ಶಿಂದೆಯ ಗಿಳಿಯ ಹಾಡು, ಹೆಜ್ಜೆ ಅಮೆರಿಕದ್ದು. ಇದನ್ನು ಗೆಲುವು ಅನ್ನಬೇಕೋ ಸೋಲು ಅನ್ನಬೇಕೋ? ಆಲ್ಬಂ ಸೋತಿದೆ, ಅದರಿಂದ ಉದುರಿದ ಒಂದು ಕಾಳು ಮೊಳೆತಿದೆ.

ಇಷ್ಟಾದ ಮೇಲೆ ‘ಕಾಲದ ಪರೀಕ್ಷೆ’ ಅನ್ನುವ ಮಾತೇ ನನಗೆ ಅನುಮಾನ ತರಿಸುತ್ತದೆ. ಕಾಲ ಮೇಷ್ಟ್ರಲ್ಲ, ಪೇಪರು ತಿದ್ದುವುದಿಲ್ಲ. ಉಳಿಸುವವರೂ ಕಳೆಯುವವರೂ ಜನ. ಬಸವಾದಿ ಶರಣರ ವಚನಗಳು ತಾವಾಗಿಯೇ ನಮ್ಮ ತನಕ ನಡೆದು ಬರಲಿಲ್ಲ. ಮಠ, ಮನೆಗಳಲ್ಲಿ ಗಂಟು ಕಟ್ಟಿದ್ದ ಓಲೆಗರಿಗಳನ್ನು ಹುಡುಕಿ ಓದಿ, ವಿಜಯಪುರದ ವಕೀಲ ಫ.ಗು. ಹಳಕಟ್ಟಿ 1923ರಲ್ಲಿ ‘ವಚನಶಾಸ್ತ್ರ ಸಾರ’ ಅಚ್ಚು ಹಾಕಿಸದಿದ್ದರೆ ಗೆದ್ದಲು ತನ್ನ ಪರೀಕ್ಷೆ ಮುಗಿಸುತ್ತಿತ್ತು. ಗೆದ್ದಲಿಗೆ ಕಾವ್ಯದ ರುಚಿ ಇಲ್ಲ, ಟೇಪಿಗೆ ಹತ್ತುವ ಬೂಷ್ಟಿಗೆ ಸಂಗೀತದ ಕಿವಿ ಇಲ್ಲ. ಇನ್ನೊಂದು ಉದಾಹರಣೆ ಸರ್ಕಾರದ್ದು. ಕುವೆಂಪು ಅವರ ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯೂ ಇತ್ತು, ಅಶ್ವತ್ಥರ ಧಾಟಿಯೂ ಇತ್ತು. ಯಾವುದು ಸರಿ ಎಂದು ವರ್ಷಗಟ್ಟಲೆ ಜಗಳ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಗೆ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕೆಂದು, ಆದೇಶ ಹೊರಡಿಸಿತು. ಇನ್ನು ಮುಂದೆ ಶಾಲೆಯ ಮಕ್ಕಳೆಲ್ಲರೂ ಕಲಿಯುವುದು ಅದನ್ನೇ. ಐವತ್ತು ವರ್ಷದ ನಂತರ ಯಾರಾದರೂ ಈ ಧಾಟಿ ಕಾಲಕ್ಕೆ ನಿಂತಿತು ಅಂದರೆ, ಕಾಲದ ಬೆನ್ನ ಹಿಂದೆ ಒಂದು ಸರ್ಕಾರಿ ಮೊಹರು ಇತ್ತೆಂದು ನೆನಪಿಸಬೇಕಾಗುತ್ತದೆ.

ಕೆಲಸ ಸಿಗದ ಹಾಡುಗಳ ಬಗ್ಗೆ ನನಗೂ ಸಂಕಟವಿದೆ. ಎಲ್ಲ ಹಾಡೂ ಹಬ್ಬಕ್ಕೆ, ಮದುವೆಗೆ, ಮೆರವಣಿಗೆಗೆ ಬರುವಂಥದ್ದಲ್ಲ. ನೈಟ್ ಶಿಫ್ಟ್ ಮುಗಿಸಿ, ಮೈಯ ಕೆಮಿಕಲ್ ವಾಸನೆ ತೊಳೆದು, ನಿದ್ದೆ ಬಾರದೆ ಮಲಗಿದಾಗ ಕಿವಿಗೆ ಬೇಕಾಗುವ ಹಾಡೂ ಇರುತ್ತದೆ. ಬಿ ಬದಿಯ ಮೂರನೆಯ ಹಾಡು, ಯಾರೂ ಫರ್ಮಾಯಿಷಿ ಕೇಳದ್ದು. ಒಬ್ಬನ ಒಂಟಿತನ ಕಾಯುವುದೂ ಕೆಲಸವೇ. ಆದರೆ ಆ ಕೆಲಸಕ್ಕೆ ಹಾಜರಿ ಪುಸ್ತಕ ಇಲ್ಲ, ಅವನು ಹೋದರೆ ಹಾಡೂ ಹೋಯಿತು. ಅಂಥದ್ದು ಉಳಿಯಲು ಇರುವುದು ಒಂದೇ ದಾರಿ: ಒಬ್ಬ ಇನ್ನೊಬ್ಬನಿಗೆ ಹೆಸರು ಹೇಳಿ ಕೊಡುವುದು. ಈಗ ಅದೇ ತಪ್ಪಿದೆ. ಸ್ಟೇಷನ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದ ನಮ್ಮ ಪೆನ್‌ಡ್ರೈವಿನಲ್ಲಿ ಐನೂರು ಹಾಡುಗಳಿವೆ. ಒಂದರ ಮುಂದೂ ಕವಿಯ ಹೆಸರಿಲ್ಲ, ರಾಗ ಹಾಕಿದವರ ಹೆಸರಿಲ್ಲ. ‘ಟ್ರ್ಯಾಕ್ 7’ ಅಂತಿದೆ. ಕ್ಯಾಸೆಟ್ಟಿನ ಒಳಗಿನ ಮಡಿಸಿದ ಕಾಗದದಲ್ಲಿ ಅಷ್ಟಾದರೂ ಇರುತ್ತಿತ್ತು. ಹಾಡನ್ನು ಕಾಪಿ ಮಾಡುವುದು ಇಷ್ಟು ಸಲೀಸಾದ ಕಾಲದಲ್ಲಿ ಹಾಡು ಕಟ್ಟಿದವರು ಅನಾಮಿಕರಾಗುತ್ತಿದ್ದಾರೆ.

ನಮ್ಮ ಟೆಂಪೊ ಹುಡುಗನ ‘ನಾ ಡ್ರೈವರ’ ಏನಾಗುತ್ತದೆ? ಅದಕ್ಕೆ ಸದ್ಯ ಕೆಲಸ ಇದೆ. ರಾತ್ರಿ ಎರಡು ಗಂಟೆಗೆ ಸೊಲ್ಲಾಪುರದ ರಸ್ತೆಯಲ್ಲಿ ರೆಪ್ಪೆ ಕೂಡದಂತೆ ನೋಡಿಕೊಳ್ಳುತ್ತದೆ. ಕಡಿಮೆ ಕೆಲಸವಲ್ಲ, ಅಕ್ಷರಶಃ ಜೀವ ಕಾಯುವ ಕೆಲಸ. ಅದಕ್ಕಿಂತ ಚುರುಕಾದ ಇನ್ನೊಂದು ಬಂದ ದಿನ ಇದಕ್ಕೆ ರಜೆ ಸಿಗಬಹುದು. ಅಥವಾ ಡ್ರೈವರನ ಮದುವೆಯಲ್ಲಿ ಹಾಡಲೇಬೇಕಾದ ಹಾಡಾಗಿ ಕಾಯಂ ಆಗಬಹುದು. ಕಾಕಾನಿಗೆ ಅದನ್ನು ಇವತ್ತೇ ತಳ್ಳಿಹಾಕುವ ಹಕ್ಕಿಲ್ಲ. ಲಕ್ಷಗಟ್ಟಲೆ ಜನ ನೋಡಿದ್ದಾರೆ ಎಂದು ಇವತ್ತೇ ಅದು ಗೆದ್ದಿತು ಅನ್ನುವ ಹಕ್ಕು ಹುಡುಗನಿಗೂ ಇಲ್ಲ.

ಮೊನ್ನೆ ಭಾನುವಾರ ಕಾಕಾ ನಲ್ಲಿಯ ಮುಂದೆ ಕೂತು ಡಬ್ಬಿ ತೊಳೆಯುತ್ತ ಶರೀಫರ ಗುಡುಗುಡಿಯ ಪದ ಗುನುಗುತ್ತಿದ್ದರು. ಒಳಗಿನಿಂದ ಹುಡುಗ ಕೂಗಿದ:

‘ಕಾಕಾ, ಅಲ್ಲಿ ಶಬ್ದ ತಪ್ಪೈತ್ರಿ.’

‘ನಿನಗೇನ್ ಗೊತ್ತೋ? ಅಶ್ವತ್ಥ್ ಹಿಂಗಽ ಹಾಡ್ಯಾರ.’

‘ಯಾರ್ರೀ ಅವರು? ರಘು ದೀಕ್ಷಿತ್ ಹಾಡು ಇದು.’

ಕಾಕಾನ ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು. ಯಾರದು ಎಂದು ಇಬ್ಬರಿಗೂ ಜಗಳ ಹತ್ತಿತು. ಶರೀಫಜ್ಜನ ಹೆಸರು ನಾನು ಹೇಳುವ ತನಕ ಯಾರ ಬಾಯಲ್ಲೂ ಬರಲಿಲ್ಲ. ಕೊನೆಗೆ ಹುಡುಗ ಫೋನಿನಲ್ಲಿ ಹುಡುಕಿ ಇಬ್ಬರ ಹಾಡನ್ನೂ ಒಂದಾದ ಮೇಲೆ ಒಂದು ಹಚ್ಚಿದ. ಕಾಕಾ ತಲೆ ಬಗ್ಗಿಸಿ ಎರಡನ್ನೂ ಪೂರ್ತಿ ಕೇಳಿದರು. ಶಬ್ದ ತಪ್ಪಿದ್ದು ಅವರದೇ. ಆಮೇಲೆ ಡಬ್ಬಿ ಎತ್ತಿಕೊಂಡು ತಮ್ಮ ಶಬ್ದದಲ್ಲೇ ಮತ್ತೆ ಶುರುಮಾಡಿದರು. ಈ ಸಲ ಒಳಗಿನಿಂದ ಹುಡುಗನೂ ದನಿ ಕೂಡಿಸಿದ, ತನ್ನ ಶಬ್ದದಲ್ಲಿ.