ಸುಂಕ ನಮ್ಮದು, ಸಹಿ ನಮ್ಮದು, ಭಾಷೆ ಮಾತ್ರ ಅವರದು!



ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯಲ್ಲಿ ಶೇಂಗಾ ವ್ಯಾಪಾರ ಮಾಡುವ ಹುಡುಗನೊಬ್ಬ, ಕೆಟ್ಟ ಕಾಳು ಬೇರ್ಪಡಿಸುವ ಯಂತ್ರವನ್ನು ಚೀನಾದಿಂದ ತರಿಸಲು ಹೊರಟ ಎಂದಿಟ್ಟುಕೊಳ್ಳಿ. ಸಂಡೂರಿನ ಗುಡ್ಡ ಕರಗಿಸಿ ಅದಿರನ್ನು ಅದೇ ಚೀನಾಕ್ಕೆ ಸಾಗಿಸಿದಾಗ ಯಾವ ಧಣಿಗೂ ಭಾಷೆ ಅಡ್ಡ ಬರಲಿಲ್ಲ. ಅಲ್ಲಿಂದ ಒಂದೇ ಒಂದು ಯಂತ್ರ ಹೊಸಹಳ್ಳಿಗೆ ಬರಬೇಕೆಂದರೆ ನಮ್ಮ ಹುಡುಗ ಮೊದಲ ಪುಟದಲ್ಲೇ ಮುಗ್ಗರಿಸುತ್ತಾನೆ. ಬುದ್ಧಿ ಕಡಿಮೆಯೇ? ಅಲ್ಲ! ಕಾಗದ ಕನ್ನಡದಲ್ಲಿಲ್ಲ.

1976ರ ಅಧಿಕೃತ ಭಾಷಾ ನಿಯಮಗಳನ್ನು ತೆಗೆದು ನೋಡಿ. ಕೇಂದ್ರ ಕಚೇರಿಗಳ ಕೈಪಿಡಿ, ನಮೂನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕು ಎಂದು 11ನೇ ನಿಯಮ ಕಟ್ಟಪ್ಪಣೆ ಮಾಡುತ್ತದೆ. ಕನ್ನಡದ ಸುದ್ದಿಯೇ ಇಲ್ಲ. ಸುಂಕ ಕಟ್ಟುವವನ ಭಾಷೆ ದಿಲ್ಲಿಗೆ ಬೇಡ, ದುಡ್ಡು ಮಾತ್ರ ಬೇಕು.

ಆಗ ಬರುತ್ತಾನೆ ದಲ್ಲಾಳಿ. "ನಾನೆಲ್ಲ ನೋಡ್ಕೋತೀನಿ ಅಣ್ಣ, ನೀವು ಇಲ್ಲೊಂದು ಸಹಿ ಹಾಕಿ ಸಾಕು." ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಬೀಳುತ್ತದೆ. ಎಲ್ಲ ಏಜೆಂಟರೂ ಕಳ್ಳರಲ್ಲ, ನಿಯತ್ತಿನವರೂ ಇದ್ದಾರೆ. ಆದರೆ ಯಾರು ನಿಯತ್ತಿನವರೆಂದು ಗುರುತಿಸಲು ನಿಮಗೂ ನಾಲ್ಕು ಸಂಗತಿ ಗೊತ್ತಿರಬೇಕಲ್ಲ? ಸರ್ಕಾರ ಹೇಳದಿದ್ದರೆ ನಾವೇ ಹೇಳುತ್ತೇವೆ, ಕೇಳಿ.

ಮೊದಲು ಬೇಕಾದದ್ದು ಐಇಸಿ ಎಂಬ 10 ಅಕ್ಷರಾಂಕಿಗಳ ಆಮದುದಾರ ಸಂಖ್ಯೆ. 2017ರಿಂದ ನಿಮ್ಮ ಪ್ಯಾನ್ ಸಂಖ್ಯೆಯೇ ಈ ಸಂಖ್ಯೆ. ಸರ್ಕಾರಿ ಶುಲ್ಕ 500 ರೂಪಾಯಿ. ಇದಕ್ಕೆ ಸಾವಿರಗಟ್ಟಲೆ ಕೇಳುವವನನ್ನು, ಯಾವ ಬಾಬತ್ತಿಗೆ ಎಂದು ಕೇಳಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಖಚಿತಪಡಿಸದಿದ್ದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ಇನ್ನು, ಈ ಸಂಖ್ಯೆಯನ್ನು "ಒಂದು ಲೋಡಿಗೆ ಇಷ್ಟು ಕೊಡ್ತೀನಿ" ಎಂದು ಬಾಡಿಗೆಗೆ ಕೇಳುವವರಿದ್ದಾರೆ. ಕೊಡಬೇಡಿ! ಡಬ್ಬಿಯೊಳಗೆ ಕಳ್ಳಮಾಲು ಸಿಕ್ಕರೆ ಕಸ್ಟಮ್ಸಿನವರು ಹುಡುಕಿಕೊಂಡು ಬರುವುದು ನಿಮ್ಮ ಮನೆ ಬಾಗಿಲಿಗೆ.

ಲೆಕ್ಕದ ಮೋಸ ಇನ್ನೊಂದು. ಚೀನಾದವನು ಹೇಳುವುದು ಸಾಮಾನ್ಯವಾಗಿ ಅವನ ಬಂದರಿನ ಬೆಲೆ. ನಮ್ಮ ಸುಂಕ ಬೀಳುವುದು ಹಡಗಿನ ಬಾಡಿಗೆ, ವಿಮೆ ಸೇರಿಸಿದ ಬೆಲೆಯ ಮೇಲೆ. ಅದು 1,00,000 ರೂಪಾಯಿ ಎನ್ನಿ. ಮೂಲ ಸುಂಕ ಶೇಕಡಾ 7.5 ಆದರೆ 7,500. ಆ ಸುಂಕದ ಮೇಲೆ ಶೇಕಡಾ 10 ಸಮಾಜ ಕಲ್ಯಾಣ ಸರ್ಚಾರ್ಜ್, 750. ಒಟ್ಟು 1,08,250ರ ಮೇಲೆ ಶೇಕಡಾ 18 ಐಜಿಎಸ್‌ಟಿ, 19,485. ಅಂದರೆ 27,735 ರೂಪಾಯಿ ತೆರಿಗೆ! ದರ ಮಾಲಿನಿಂದ ಮಾಲಿಗೆ ಬೇರೆ. ಆರ್ಡರ್ ಕೊಡುವ ಮೊದಲೇ ಮಾಲಿನ ಎಂಟಂಕಿಯ ಸುಂಕದ ಕೋಡ್ ಯಾವುದೆಂದು ಬರೆಸಿಕೊಳ್ಳಿ.

ಮಾಲು ಚೆನ್ನೈಗೋ ಮಂಗಳೂರಿಗೋ ವೈಟ್‌ಫೀಲ್ಡಿನ ಒಣ ಬಂದರಿಗೋ ಬಂದ ಮೇಲೆ ಗಡಿಯಾರ ಓಡುತ್ತದೆ. ಬಿಲ್ ಆಫ್ ಎಂಟ್ರಿ ತಡವಾದರೆ ದಂಡ, ಮಾಲು ಬಿದ್ದಿದ್ದರೆ ನೆಲಬಾಡಿಗೆ. ಇಳಿಸಿದ 30 ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ನೋಟಿಸು ಕೊಟ್ಟು ಮಾರಿಬಿಡಲು 1962ರ ಸುಂಕ ಕಾಯಿದೆಯ 48ನೇ ಕಲಮಿನಲ್ಲಿ ಅವಕಾಶವಿದೆ. ಅರ್ಥವಾಗದ ನೋಟಿಸಿಗೆ ನಮ್ಮ ಹುಡುಗ ಏನೆಂದು ಉತ್ತರ ಬರೆಯಬೇಕು?

ಪೊಟ್ಟಣದ ಮಾಲು ತರಿಸಿ ಮಾರುವವರ ಕಥೆಯೂ ಇದೇ. ಆಮದುದಾರನ ಹೆಸರು, ವಿಳಾಸ, ಬೆಲೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಲೇಬೇಕು ಎನ್ನುತ್ತವೆ 2011ರ ಪೊಟ್ಟಣ ಸರಕು ನಿಯಮಗಳು. ಕನ್ನಡ? ಬೇಕಾದರೆ ಜೊತೆಗೆ ಹಾಕಿಕೊಳ್ಳಿ ಅಷ್ಟೆ! ಕೀಟನಾಶಕದ ಡಬ್ಬಿಗೆ ಪ್ರಾದೇಶಿಕ ಭಾಷೆ ಇರಬೇಕೆಂದು 1971ರ ನಿಯಮಗಳೇ ಹೇಳಿವೆ. ವಿಷಕ್ಕೆ ಸಿಕ್ಕ ಮರ್ಯಾದೆ ವ್ಯಾಪಾರಕ್ಕೆ ಯಾಕಿಲ್ಲ ಸ್ವಾಮಿ?

ಸಂವಿಧಾನದ 350ನೇ ವಿಧಿ ನಿಮ್ಮ ಕೈಯಲ್ಲಿದೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಾಗಲಿ ಒಕ್ಕೂಟದಲ್ಲಾಗಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡುವ ಹಕ್ಕು ಅದು. ಆಮದು ಕೈಪಿಡಿ, ನಮೂನೆ, ನೋಟಿಸು ಕನ್ನಡದಲ್ಲಿ ಬೇಕೆಂದು ಕನ್ನಡದಲ್ಲೇ ಬರೆಯಿರಿ. ವಿಳಾಸ: ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಕಚೇರಿ, ಕೇಂದ್ರೀಯ ಸದನ, ಕೋರಮಂಗಲ, ಬೆಂಗಳೂರು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಅದರ ನಕಲನ್ನು ಲಗತ್ತಿಸಿ ಮತ್ತೊಂದು ಕನ್ನಡ ಪತ್ರ ಬರೆಯಿರಿ.